ಗ್ರೆಗರಿ ಪೊರ್ಬುಗಳ ಎರಡನೇ ಬಾಯಿ

ಗ್ರೆಗರಿ ಪೊರ್ಬುಗಳ ಚೀಲದಲ್ಲಿ ಎಲ್ಲವೂ ಎರಡೆರಡು. ಎರಡು ಚಾಕು, ಎರಡು ಟಾರ್ಚು, ಕಣ್ಣು ಮೂಗು ಮುಚ್ಚುವ ಗಾಜಿನ ಮಾಸ್ಕು ಎರಡು. ಮಾಸ್ಕಿನ ಪಟ್ಟಿ ತುಂಡಾದರೆ ಇರಲಿ ಎಂದು ಸೈಕಲ್ ಟ್ಯೂಬಿನಿಂದ ಕತ್ತರಿಸಿಟ್ಟ ಪಟ್ಟಿಯೂ ಎರಡು. ಜನವರಿ ತಿಂಗಳಲ್ಲೂ ಕೊಡೆ ಎರಡು.

"ಹೆಂಡತಿ ಮಾತ್ರ ಒಂದೇ ಅಲ್ವಾ ಪೊರ್ಬುಗಳೇ?" ಎಂದು ನಾನೊಮ್ಮೆ ಕೇಳಿದ್ದೆ.

"ವಿನಿಫ್ರೆಡ್‌ಳನ್ನು ನೀನು ನೋಡ್ಲಿಲ್ಲ ತಾರಾನಾಥ. ಅತ್ತಾವರದ ಆಸ್ಪತ್ರೆಯಲ್ಲಿ ಒಂದು ವಾರ್ಡು, ಮನೆಯಲ್ಲಿ ನಾನೊಂದು ವಾರ್ಡು. ಎರಡನ್ನೂ ಒಬ್ಬಳೇ ನೋಡ್ತಾಳೆ. ಅವಳಿಗೆ ಸ್ಪೇರ್ ಬೇಡ."

ಪಣಂಬೂರು ಬಂದರಿನಲ್ಲಿ ಹಡಗುಗಳ ಅಡಿಗೆ ಮುಳುಗಿ ಮಾಡುವ ಕೆಲಸದ ಕಂತ್ರಾಟು ನಿತ್ಯಾನಂದ ಶೆಟ್ರದ್ದು. ಮುಳುಗುವವರು ಗ್ರೆಗರಿ ಪೊರ್ಬುಗಳು; ಕ್ರಿಶ್ಚಿಯನ್ ಹಿರಿಯರನ್ನು ನಮ್ಮಲ್ಲಿ ಹಾಗೆ ಕರೆಯುವುದು. ಅವರ ಹಿಂದೆ ಸಿಲಿಂಡರ್ ಹೊತ್ತು, ಗಾಳಿ ತುಂಬಿಸಿ, ಆಗೊಮ್ಮೆ ಈಗೊಮ್ಮೆ ಜೊತೆಗೆ ಮುಳುಗುವವನು ನಾನು. ಸಿಲಿಂಡರಿನಿಂದ ಬಾಯಿಗೆ ಬರುವ ರಬ್ಬರ್ ನಳಿಗೆ ನಮಗೆಲ್ಲ ತಲಾ ಒಂದೇ. ಪೊರ್ಬುಗಳು ಮಾತ್ರ ಬಹರೈನಿನ ಭಾವನ ಹತ್ತಿರ ಹೇಳಿ ಇನ್ನೊಂದು ತರಿಸಿಕೊಂಡು ಅದೇ ಸಿಲಿಂಡರಿಗೆ ಕೂಡಿಸಿದ್ದರು. ಬಾಯಿಯಲ್ಲಿ ಒಂದು, ಎದೆಯ ಮೇಲೆ ನೇತಾಡುವುದು ಒಂದು. ಉಣ್ಣಲಿಕ್ಕೆ ಒಂದು ಬಾಯಿ, ಉಪದೇಶಕ್ಕೆ ಒಂದು ಬಾಯಿ ಎಂದು ನಾನು ದೋಣಿಯಲ್ಲಿ ಎಲ್ಲರನ್ನೂ ನಗಿಸುತ್ತಿದ್ದೆ.

ಮುಂದಿನ ತಿಂಗಳು ಅವರೂ ಬಹರೈನಿಗೆ ಹೊರಟಿದ್ದರು. ಅವರ ಜಾಗಕ್ಕೆ ಯಾರು ಎಂದು ಶೆಟ್ರು ಕೇಳುವುದು ಅವರನ್ನೇ. ನನಗೆ ಆ ಜಾಗ ಬೇಕಿತ್ತು. ಎಂಟನೇ ಕ್ಲಾಸಿನಲ್ಲಿ ಮಾಸ್ಟ್ರ ಕೈಯ ಬೆತ್ತ ಕಿತ್ತು ಕಿಟಕಿಯಿಂದ ಬಿಸಾಡಿ ಹೊರಗೆ ಬಂದವನು ನಾನು. ಆಮೇಲೆ ಹೋದಲ್ಲೆಲ್ಲ ಒಂದೇ ಪ್ರಶ್ನೆ, ಎಷ್ಟು ಕಲಿತಿದ್ದಿ? ಆ ಮಾತು ಕೇಳಿದರೆ ಇವತ್ತಿಗೂ ನನ್ನ ಕಿವಿ ಬಿಸಿಯಾಗುತ್ತದೆ. ನೀರಿನ ಅಡಿಯಲ್ಲಿ ಅದನ್ನು ಕೇಳುವವರಿಲ್ಲ. ಮೀನುಗಳು ಮಾರ್ಕ್ಸ್ ಕಾರ್ಡು ನೋಡುವುದಿಲ್ಲ.

ಆ ದಿನ ಬೆಳಿಗ್ಗೆ ಪೊರ್ಬುಗಳು ಎಂದಿನಂತೆ ನನ್ನ ಹಳೇ ಸ್ಕೂಟರಿನ ಹಿಂದೆ ಕುಳಿತರು. ಕುಳಿತುಕೊಳ್ಳುವ ಮೊದಲು ಸೀಟಿನಡಿಯ ಪೆಟ್ರೋಲ್ ನಲ್ಲಿಯತ್ತ ಬಗ್ಗಿ ನೋಡಿದರು.

"ಇದು ಯಾವಾಗಲೂ ರಿಸರ್ವಿನಲ್ಲೇ ಉಂಟಲ್ಲ ಮಾರಾಯ."

"ಗಾಡಿ ಓಡ್ತದಲ್ಲ. ಪೆಟ್ರೋಲ್ ಎಲ್ಲಿಂದ ಬಂದರೆ ಎಂತ?"

"ಮುಗಿದರೆ?"

"ಮುಗಿದಾಗ ನೋಡುವ."

ಬಂದರಿನಲ್ಲಿ ಹಡಗು ಎಳೆಯುವ ಒಂದು ಟಗ್ಗಿನ ಪ್ರೊಪೆಲ್ಲರಿಗೆ ಮೀನಿನ ಬಲೆ ಸುತ್ತಿತ್ತು. ಅದನ್ನು ಕೊಯ್ದು ತೆಗೆಯಬೇಕು. ನಾನು ದೋಣಿ ನಿಲ್ಲುವ ದಕ್ಕೆಯ ಮೇಲೆ ಕಂಪ್ರೆಸರಿನಿಂದ ಸಿಲಿಂಡರಿಗೆ ಗಾಳಿ ತುಂಬಿಸುತ್ತಿದ್ದೆ. ಸಿಲಿಂಡರಿಗೂ ಸ್ಕೂಟರಿನದೇ ಏರ್ಪಾಡು. ಗಾಳಿ ಮುಗಿಯುತ್ತ ಬಂದಾಗ ಉಸಿರು ಬಿಗಿಯಾಗುತ್ತದೆ. ಬದಿಯಲ್ಲಿರುವ ಸರಳನ್ನು ಕೆಳಗೆ ಎಳೆದರೆ ಉಳಿಸಿಟ್ಟ ಸ್ವಲ್ಪ ಗಾಳಿ ಸಿಗುತ್ತದೆ, ಮೇಲೆ ಬರಲು ಸಾಕು. ಆದರೆ ಗಾಳಿ ತುಂಬಿಸುವಾಗ ಆ ಸರಳು ಕೆಳಗೇ ಇರಬೇಕು. ತುಂಬಿಸಿದ ಮೇಲೆ ನೆನಪಿಟ್ಟು ಮೇಲೆ ಮಾಡಬೇಕು. ಮಾಡದಿದ್ದರೆ ಉಳಿಸಿಡಬೇಕಾದ ಗಾಳಿಯೂ ಉಳಿದದ್ದರ ಜೊತೆಗೇ ಖರ್ಚಾಗಿ ಹೋಗುತ್ತದೆ.

ಸರಿಯಾಗಿ ಅದೇ ಹೊತ್ತಿಗೆ ಇಸ್ತ್ರಿ ಅಂಗಿಯ ಒಬ್ಬ ಇಂಜಿನಿಯರು ಬಂದು, ನನ್ನನ್ನು ತೋರಿಸಿ, ನನ್ನನ್ನಲ್ಲ, ಪೊರ್ಬುಗಳನ್ನು ಕೇಳಿದ. "ಇವನು ಎಷ್ಟು ಓದಿದ್ದಾನೆ?"

ನಾನು ಕಂಪ್ರೆಸರಿನ ನಳಿಗೆಯನ್ನು ಕಿತ್ತು, ಸಿಲಿಂಡರನ್ನು ಬೆನ್ನಿಗೆ ಹಾಕಿ, ಯಾರ ಮುಖವನ್ನೂ ನೋಡದೆ ದೋಣಿಗೆ ಇಳಿದೆ. ಪೊರ್ಬುಗಳೂ ತಮ್ಮ ಸಿಲಿಂಡರ್ ಹೊತ್ತು ಹಿಂದೆಯೇ ಬಂದರು.

ಟಗ್ಗಿನ ಅಡಿಯಲ್ಲಿ ನೀರು ತಣ್ಣಗಾದ ಚಹದ ಬಣ್ಣ. ಬಲೆ ಪ್ರೊಪೆಲ್ಲರಿಗೆ ಹಗ್ಗದ ಹಾಗೆ ಬಿಗಿದಿತ್ತು. ಇಂಜಿನಿಯರಿನ ಕುತ್ತಿಗೆ ಎಂದುಕೊಂಡು ಕೊಯ್ಯುತ್ತ ಹೋದೆ. ಸಿಟ್ಟಿನಲ್ಲಿ ಉಸಿರು ಎರಡು ಪಟ್ಟು ಹೋಗುತ್ತದೆ ಎಂಬುದು ಆಗ ನನಗೆ ಹೊಳೆಯಲಿಲ್ಲ. ಅರ್ಧ ಕೊಯ್ದಾಗ, ಖಾಲಿ ಸೋಡಾ ಬಾಟ್ಲಿಗೆ ಬಾಯಿಟ್ಟು ಹೀರಿದ ಹಾಗಾಯಿತು. ಕೈ ಹಿಂದೆ ಹಾಕಿ ಸರಳನ್ನು ಹುಡುಕಿದೆ. ಸಿಕ್ಕಿತು. ಎಳೆದೆ. ಅದು ಬರಲಿಲ್ಲ, ಆಗಲೇ ಕೆಳಗಿತ್ತು. ಮೇಲಕ್ಕೆ ಹೋಗುವ ಎಂದರೆ ಸಿಲಿಂಡರಿನ ಕುತ್ತಿಗೆಗೆ ಬಲೆ ಸಿಕ್ಕಿತ್ತು.

ಇಲ್ಲಿ ನಾನು ದೇವರನ್ನು ನೆನೆದೆ ಎಂದು ಬರೆಯಬಹುದು. ನೆನೆಯಲಿಲ್ಲ. ನೆನಪಾದದ್ದು ಸ್ಕೂಟರು.

ಆಗ ಪಕ್ಕದಿಂದ ಒಂದು ಕೈ ಬಂದು ನನ್ನ ಬಾಯಿಯಲ್ಲಿದ್ದದ್ದನ್ನು ತೆಗೆದು ಇನ್ನೊಂದನ್ನು ತುರುಕಿತು. ಗಾಳಿ ಬಂತು. ನಾನು ನಗಾಡಿದ್ದ ಅದೇ ಎರಡನೇ ಬಾಯಿ. ಪೊರ್ಬುಗಳು ನನ್ನ ಹೆಗಲು ಹಿಡಿದು, ಎರಡನೇ ಚಾಕುವಿನಿಂದ ಬಲೆ ಬಿಡಿಸಿ, ಅವಸರವೇ ಇಲ್ಲದವರಂತೆ ನನ್ನನ್ನು ಮೇಲಕ್ಕೆ ತಂದರು.

ದೋಣಿ ನಡೆಸುವ ಅಬೂಬಕ್ಕರ್ ಕೈಕೊಟ್ಟು ಎಳೆದ. "ಎಂತ ಆಯ್ತು? ಆ ಹಾಳು ಕಂಪ್ರೆಸರ್ ಸರಿ ತುಂಬಿಸ್ಲಿಲ್ವಾ?"

ಒಳ್ಳೆಯ ಉತ್ತರವನ್ನು ಅವನೇ ಕೈಗೆ ಕೊಟ್ಟಿದ್ದ. ಆ ಕಂಪ್ರೆಸರಿನ ಹೆಸರು ಮೊದಲೇ ಕೆಟ್ಟದ್ದು, ಎಲ್ಲರೂ ನಂಬುತ್ತಿದ್ದರು. ಸರಳಿನ ವಿಷಯ ಶೆಟ್ರ ಕಿವಿಗೆ ಬಿದ್ದರೆ ನನ್ನ ಕೆಲಸದ ಕಥೆ ಮುಗಿಯಿತು. ಪೊರ್ಬುಗಳು ಮಾಸ್ಕಿನ ನೀರು ಚೆಲ್ಲುತ್ತ ಬೇರೆ ಕಡೆ ನೋಡುತ್ತಿದ್ದರು. ಅವರು ನನ್ನತ್ತ ನೋಡದೆ ಇದ್ದದ್ದಕ್ಕೇ ನನಗೆ ಮತ್ತೂ ಸಿಟ್ಟು ಬಂತು.

"ಕಂಪ್ರೆಸರ್ ಸರಿ ಉಂಟು," ಎಂದೆ. "ಸರಳು ಮೇಲೆ ಮಾಡ್ಲಿಲ್ಲ. ನಾನೇ."

ಪೊರ್ಬುಗಳು ಮತ್ತೆ ನೀರಿಗಿಳಿದರು. ಉಳಿದ ಬಲೆಯನ್ನು ಕೊಯ್ದು ತೆಗೆದದ್ದು ಅವರೇ. ಮಧ್ಯಾಹ್ನ ಹೊರಟೆವು. ಹೊಳೆಯ ಮೇಲಿನ ಕೂಳೂರು ಸಂಕ ದಾಟಿದ್ದೇ ಸ್ಕೂಟರು ಕೆಮ್ಮಿ ನಿಂತಿತು. ನಲ್ಲಿ ತಿರುಗಿಸಲು ಬಗ್ಗಿದೆ. ಅದು ರಿಸರ್ವಿನಲ್ಲೇ ಇತ್ತು.

"ಮುಗಿದಾಗ ನೋಡುವ ಅಂದಿದ್ದಿ," ಎಂದರು ಪೊರ್ಬುಗಳು. "ನೋಡು."

ದೂಡಿದೆ. ಸುಡುವ ಬಿಸಿಲು, ಅದಿರಿನ ಲಾರಿಗಳ ಕೆಂಪು ಧೂಳು. ಅವರು ಪಕ್ಕದಲ್ಲಿ ಒಂದು ಕೊಡೆ ಬಿಡಿಸಿ ನಡೆದರು. ಎರಡನೆಯದನ್ನು ಕೊಡಲು ಬಂದರು, ಆದರೆ ನನ್ನ ಎರಡು ಕೈಯೂ ಹ್ಯಾಂಡಲಿನಲ್ಲಿದ್ದವು. ಕೊಟ್ಟಾರದ ಹತ್ತಿರ ನಾನು ಬೆವರಿ ಪೂರ್ತಿ ಒದ್ದೆಯಾದ ಮೇಲೆ, ಅವರು ಚೀಲ ತೆರೆದು ಪೆಟ್ರೋಲ್ ತುಂಬಿದ ಬಾಟ್ಲಿ ತೆಗೆದರು. ಆಯಿಲ್ ಕೂಡ ಬೆರೆಸಿತ್ತು.

"ಇದು ಸಂಕದ ಹತ್ತಿರವೇ ಇತ್ತಾ?"

"ಇತ್ತು."

"ಆಗಲೇ ಕೊಡ್ಬಹುದಿತ್ತಲ್ಲ."

"ನೀರಿನ ಅಡಿಯಲ್ಲಿ ಆಗಲೇ ಕೊಟ್ಟೆ. ಅಷ್ಟು ಬೇಗ ಸಿಕ್ಕಿದ್ದು ನೆನಪಿರುವುದಿಲ್ಲ ಮಾರಾಯ."

ನಾನು ಹಲ್ಲು ಕಚ್ಚಿ ಪೆಟ್ರೋಲ್ ಹೊಯ್ದು, ಬುದ್ಧಿ ಬಂದವನ ಹಾಗೆ ನಲ್ಲಿಯನ್ನು ರಿಸರ್ವಿನಿಂದ ತಪ್ಪಿಸಿ ಕಿಕ್ ಹೊಡೆದೆ. ಹತ್ತು ಸಲ ಹೊಡೆದರೂ ಚಾಲೂ ಆಗಲಿಲ್ಲ.

"ಒಂದು ಬಾಟ್ಲಿಗೆ ಈಗ ರಿಸರ್ವೇ ಬೇಕು," ಎಂದರು. "ಬಂಕಿನಲ್ಲಿ ತುಂಬಿಸಿದ ಮೇಲೆ ಬದಲಿಸು."

ಬಂಕಿನಲ್ಲಿ ತುಂಬಿಸಿ, ನಲ್ಲಿ ಬದಲಿಸಿದೆ. ಬದಲಿಸಿದ್ದನ್ನು ಇನ್ನೊಮ್ಮೆ ಮುಟ್ಟಿ ನೋಡಿದೆ. ಪೊರ್ಬುಗಳು ಅದನ್ನು ಕಂಡೂ ಕಾಣದವರಂತೆ ಹಿಂದೆ ಕುಳಿತು, "ಕೊಡಿಯಾಲ್‌ಬೈಲಿಗೆ ಬಿಡು. ಶೆಟ್ರ ಆಫೀಸಿಗೆ," ಎಂದರು.

ಅವರು ಒಳಗೆ ಹೋದ ಮೇಲೆ ನಾನು ರಸ್ತೆಯಲ್ಲಿ ನಿಂತು ಒಂದು ತೀರ್ಮಾನ ಮಾಡಿದೆ. ಕೆಲಸ ಇಲ್ಲ ಎಂದರೆ ಮಾತಾಡದೆ ಹೋಗುವುದು, ಪೊರ್ಬುಗಳು ಬಸ್ಸಿನಲ್ಲಿ ಬರಲಿ.

ಅವರು ಕಾಲು ಗಂಟೆ ಬಿಟ್ಟು ಬಂದರು.

"ಎಂತ ಹೇಳಿದಿರಿ?"

"ಆದದ್ದನ್ನು. ಸರಳು ಮರೆತಿದ್ದಾನೆ. ಉಸಿರು ಕಟ್ಟಿದಾಗಲೂ ಅಡಿಯಲ್ಲಿ ನನಗೆ ಒಂದೇ ಸಲ ಒದ್ದಿದ್ದಾನೆ. ಮೇಲೆ ಬಂದು ತಪ್ಪನ್ನು ಕಂಪ್ರೆಸರಿಗೆ ಹೊರಿಸ್ಲಿಲ್ಲ."

"ಶೆಟ್ರು?"

"ಎಷ್ಟು ಕಲಿತಿದ್ದಾನೆ ಅಂತ ಕೇಳಿದರು."

ನನ್ನ ಕಿವಿ ಬಿಸಿಯಾಯಿತು.

"ಬೆಳಿಗ್ಗೆಯವರೆಗೆ ಕಲಿತದ್ದು ಸಾಲದು, ಈಗ ಸಾಕು ಅಂದೆ. ಒಂದನೇ ತಾರೀಕಿನಿಂದ ನನ್ನ ಜಾಗ ನಿನ್ನದು." ಅವರು ಚೀಲಕ್ಕೆ ಕೈ ಹಾಕಿ ಆ ಎರಡನೇ ಬಾಯಿಯ ರಬ್ಬರ್ ನಳಿಗೆಯನ್ನು ತೆಗೆದು, ಸುರುಳಿ ಸುತ್ತಿ ನನ್ನ ಕೈಯಲ್ಲಿಟ್ಟರು. "ಇದು ನಿನಗೆ. ಜೊತೆಗೆ ಇಳಿಯುವವನು ನಗಾಡಿದರೆ ನಗಾಡ್ಲಿ."

ಸಿಟ್ಟಿಗೆ ಒಂದು ಕಾರಣ ಹುಡುಕಿದೆ, ಸಿಗಲಿಲ್ಲ.

"ಮತ್ತೆ ನಿಮಗೆ, ಬಹರೈನಿನಲ್ಲಿ?"

ಪೊರ್ಬುಗಳು ಸ್ಕೂಟರಿನ ಹಿಂದೆ ಕುಳಿತು ಚೀಲವನ್ನು ಮಡಿಲಿಗೆ ಎಳೆದುಕೊಂಡರು.

"ನನ್ನ ಹತ್ತಿರ ಇನ್ನೊಂದು ಉಂಟು," ಎಂದರು.