ಆವಿ ಆರುವತನಕ ಕೂತವನು

ಉಕಾಯಿ ಸೆನ್‌ಕಿಚಿಯ ಮೇಲೆ ನನಗೆ ಅನುಮಾನ ಹುಟ್ಟಿದ್ದು ಎರಡು ಮೀನಿನ ಬಿಲ್ಲೆಗಳಿಂದ.

1973ರ ಅಕ್ಟೋಬರ್. ಮೋಜಿ ಬಂದರಿನ ಹಳೆಯ ಉಗ್ರಾಣವೊಂದರಲ್ಲಿ ನಾವು ಭೂಗತ ಲೋಕದ ಸಿನಿಮಾ ತೆಗೆಯುತ್ತಿದ್ದೆವು. ಹಿಂದಿನ ಶಾಟಿನಲ್ಲಿ ಸಿಗರೇಟು ಯಾವ ಕೈಯಲ್ಲಿತ್ತು, ಎಷ್ಟು ಉರಿದಿತ್ತು, ಅಂಗಿಯ ರಕ್ತ ಎಲ್ಲಿಯತನಕ ಹರಡಿತ್ತು, ಇದನ್ನೆಲ್ಲ ಬರೆದಿಡುವುದು ನನ್ನ ಕೆಲಸ. ಹದಿಮೂರು ವರ್ಷ ಇದನ್ನೇ ಮಾಡಿದವಳಿಗೆ ಮನುಷ್ಯರ ಮಾತಿನ ಮೇಲೆ ನಂಬಿಕೆ ಉಳಿಯುವುದಿಲ್ಲ. ಬಲಗೈಯಲ್ಲಿ ಲೋಟ ಹಿಡಿದಿದ್ದವನು ಎಡಗೈ ಎಂದು ತಾಯಾಣೆ ಹಾಕುವುದನ್ನು ದಿನಾ ನೋಡುತ್ತೇನೆ.

ಉಕಾಯಿಯನ್ನು ನಮ್ಮ ನಿರ್ದೇಶಕ ನಿಶಿವಾಕಿ ಸಲಹೆಗಾರನೆಂದು ಇಟ್ಟುಕೊಂಡಿದ್ದರು. ಅರವತ್ತು ದಾಟಿದ, ಸಣ್ಣ ಗಾತ್ರದ ಮನುಷ್ಯ. ಎಡಗೈ ಕಿರುಬೆರಳಿಗೆ ತುದಿಯಿರಲಿಲ್ಲ. ರೌಡಿಗಳ ಗುಂಪಿನಲ್ಲಿ ತಪ್ಪು ಮಾಡಿದವರು ಆ ತುದಿಯನ್ನು ಕತ್ತರಿಸಿ ದೊಡ್ಡವರ ಮುಂದಿಡುತ್ತಾರೆ ಎಂಬುದು ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಹಾಗಾಗಿ ಯಾರೂ ಅವನ ಪೂರ್ವಾಪರ ಕೇಳಲಿಲ್ಲ. ಬೆರಳೇ ಸಾಕಾಯಿತು.

ಕಥೆಯ ಮುಖ್ಯ ದೃಶ್ಯ ಒಂದು ಉದೊನ್ ಶಾವಿಗೆ ಅಂಗಡಿಯಲ್ಲಿ. ಒಬ್ಬ ದೊಡ್ಡ ಮನುಷ್ಯ ಶಾವಿಗೆ ತಿನ್ನುತ್ತಿರುತ್ತಾನೆ, ಕೊಲೆಗಾರ ಬಂದು ಇರಿಯುತ್ತಾನೆ. ನಿಶಿವಾಕಿಗೆ ಇರಿತಕ್ಕಿಂತ ಅದಕ್ಕೆ ಮುಂಚಿನ ಮೌನ ಬೇಕಿತ್ತು.

"ಕೊಲ್ಲೋಕೆ ಅಂತಾನೇ ಬಂದಿರೋನು. ಬಂದವನೇ ಏನು ಮಾಡ್ತಾನೆ, ಉಕಾಯಿಯವರೇ?"

ಉಕಾಯಿ ಬಹಳ ಹೊತ್ತು ನೆಲ ನೋಡಿದ. "ಕೂತ್ಕೊತಾನೆ."

"ಆಮೇಲೆ?"

"ಬಟ್ಟಲಿಂದ ಆವಿ ಏಳ್ತಿರುತ್ತಲ್ಲ, ಅದನ್ನ ನೋಡ್ತಾನೆ. ಅದು ಆರೋತನಕ ಅಲ್ಲಾಡಲ್ಲ. ಉಸಿರು ಹೊಟ್ಟೆಗೆ ಇಳೀಬಾರ್ದು. ಗಂಟಲ ತುದೀಲೇ ನಿಂತಿರಬೇಕು."

ನಿಶಿವಾಕಿ ನನ್ನ ಕಡೆ ಬಾಗಿ ಪಿಸುಗುಟ್ಟಿದರು: "ಧ್ಯಾನ ಕಣಮ್ಮ ಇದು. ಬರ್ಕೋ, ಬರ್ಕೋ."

ಕೊಲೆಗಾರನ ಪಾತ್ರ ಮಾಡುತ್ತಿದ್ದವನು ಕುರುಮಾದ ಎಂಬ ದೊಡ್ಡ ನಟ. ನಾಲಿಗೆಗೆ ಹಿಡಿತವಿರಲಿಲ್ಲ. "ತಾತ, ಒಟ್ಟು ಎಷ್ಟು ಜನಾನ ಕಳಿಸಿದ್ರಿ ಮೇಲಕ್ಕೆ? ಬೆರಳಲ್ಲಿ ಎಣಿಸಿ ಹೇಳಿ ನೋಡೋಣ. ಅಯ್ಯೋ, ನಿಮ್ಗೆ ಒಂದು ಕಡಿಮೆ ಬೀಳುತ್ತಲ್ಲ!"

ಎಲ್ಲರೂ ನಕ್ಕರು. ಉಕಾಯಿ ನಗಲಿಲ್ಲ, ಸಿಟ್ಟೂ ಮಾಡಿಕೊಳ್ಳಲಿಲ್ಲ. "ಮಂಡಿ ಎರಡೂ ಕೂಡಿಸ್ಕೊಂಡು ಕೂರಪ್ಪ" ಎಂದನಷ್ಟೆ.

ತಾಲೀಮಿಗೆ ಬಟ್ಟಲು ಇಟ್ಟಾಗ ಅವನು ತಾನಾಗಿ ಮುಂದೆ ಬಂದ. ಶಾವಿಗೆಯ ಮೇಲಿದ್ದ, ಅರೆದ ಮೀನಿನಿಂದ ಮಾಡಿದ ಗುಲಾಬಿ ಅಂಚಿನ ಎರಡು ಬಿಲ್ಲೆಗಳನ್ನು ಚಾಪ್‌ಸ್ಟಿಕ್‌ನಿಂದ ಎತ್ತಿ ಬಟ್ಟಲಿನ ಎಡ ಅಂಚಿಗೆ ಒರಗಿಸಿಟ್ಟ.

"ಸ್ಕ್ರಿಪ್ಟಲ್ಲಿ ಇದು ಇಲ್ವಲ್ಲ" ಎಂದೆ.

"ಇಲ್ಲಮ್ಮ. ಆದ್ರೆ ಆತ ಇದನ್ನ ಕೊನೇಲಿ ತಿನ್ನೋನು."

'ಆತ' ಎಂದರೆ ಯಾರು ಎಂದು ಕೇಳುವಷ್ಟರಲ್ಲಿ ಅವನು ದೂರ ಹೋಗಿದ್ದ. ನಾನು ಹಾಳೆಯಲ್ಲಿ ಬಟ್ಟಲು ಬರೆದು, ಅಂಚಿಗೆ ಎರಡು ಅರ್ಧಚಂದ್ರ ಬರೆದುಕೊಂಡೆ.

ಎರಡು ದಿನದ ಮೇಲೆ ಸಾಮಾನು ಹೊಂದಿಸುವ ಮೊಗಾಮಿ ಸ್ಟೇಷನ್ ಹಿಂದಿನ ಶಿರೈಶಿ ಅಂಗಡಿಯಿಂದ ಹಳೇ ಬಟ್ಟಲುಗಳನ್ನು ಎರವಲು ತಂದ. ಬಟ್ಟಲಿನ ಜೊತೆ ಸುದ್ದಿಯನ್ನೂ ತಂದ.

"ಕುಸಕಾಬೆ ಅಕ್ಕ, ಆ ಅಂಗಡೀಲಿ ನಿಜವಾಗ್ಲೂ ಕೊಲೆ ಆಗಿತ್ತಂತೆ! ಐವತ್ತೊಂದನೇ ಇಸವೀಲಿ. ಸತ್ತೋನು ಮುನಕಾತ ಅಂತ, ಬಂದರಿನ ಕೂಲಿಗಳನ್ನೆಲ್ಲ ಕೈಯಲ್ಲಿಟ್ಕೊಂಡಿದ್ದೋನು. ಇಪ್ಪತ್ತು ವರ್ಷದ ಒಬ್ಬ ಹುಡುಗ ಸಂಜೇನೇ ಹೋಗಿ ಶರಣಾದನಂತೆ, ಹದಿನಾಲ್ಕು ವರ್ಷ ಜೈಲು. ಅಂಗಡಿ ಅಜ್ಜಿಗೆ ಇನ್ನೂ ಕಣ್ಣಿಗೆ ಕಟ್ಟಿದಂಗಿದೆ. ಎರಡು ಮೀನಿನ ಬಿಲ್ಲೆ ಬಟ್ಟಲಂಚಲ್ಲೇ ಉಳಿದಿದ್ವಂತೆ ಪಾಪ, ತಿನ್ಲೇ ಇಲ್ವಂತೆ."

ನಾನು ಹಾಳೆ ತಿರುವಿ, ಉಕಾಯಿ ಅಂಚಿಗಿಟ್ಟಿದ್ದ ಆ ಎರಡು ಅರ್ಧಚಂದ್ರ ನೋಡಿದೆ.

ದೊಡ್ಡವನು ಕೊಲ್ಲುತ್ತಾನೆ, ಚಿಕ್ಕವನು ಜೈಲಿಗೆ ಹೋಗುತ್ತಾನೆ. ಈ ಊರುಗಳಲ್ಲಿ ಅದು ಹೊಸದಲ್ಲ. ಕೊಲೆಯ ಮೊಕದ್ದಮೆಗೆ ಹದಿನೈದು ವರ್ಷದ ಮಿತಿ, ಅದೂ ಮುಗಿದಿತ್ತು. ಇನ್ನು ಉಕಾಯಿ ಯಾರಿಗೂ ಹೆದರಬೇಕಾಗಿರಲಿಲ್ಲ. ತನ್ನ ಕೈಯ ಕೊಲೆಯನ್ನೇ ನಮಗೆ ಪಾಠ ಹೇಳಿಕೊಡುತ್ತ, ನಮ್ಮ ಚಹಾ ಕುಡಿಯುತ್ತ ಕೂತಿದ್ದಾನೆ ಎಂದುಕೊಂಡೆ. ಯಾರದೋ ಮಗ ಅವನ ಪಾಲಿನ ಹದಿನಾಲ್ಕು ವರ್ಷ ಕಳೆದು ಬಂದಿದ್ದಾನೆ.

ಆಮೇಲೆ ನಾನು ನಟರನ್ನು ಬಿಟ್ಟು ಅವನನ್ನೇ ನೋಡತೊಡಗಿದೆ. ಬಾಗಿಲಿಗೆ ಬೆನ್ನು ಹಾಕಿ ಕೂರುತ್ತಿರಲಿಲ್ಲ. ಯಾರಾದರೂ ಹಿಂದಿನಿಂದ ಕರೆದರೆ ಮೊದಲು ಭುಜ ಕುಗ್ಗುತ್ತಿತ್ತು, ಆಮೇಲೆ ತಲೆ ತಿರುಗುತ್ತಿತ್ತು. ಒಂದು ದಿನ ಕಿತ್ತಳೆ ಸುಲಿದು ಅರ್ಧ ನನಗೆ ಚಾಚಿದ. ತೆಗೆದುಕೊಂಡೆ, ಆದರೆ ತಿನ್ನಲಾಗಲಿಲ್ಲ. ಸಂಜೆ ಸಮುದ್ರಕ್ಕೆ ಎಸೆದೆ.

ಊಟದ ಬಿಡುವಿನಲ್ಲಿ ಒಮ್ಮೆ ಅವನ ಹಿಂದೆಯೇ ಹೋದೆ. ಸ್ಟೇಷನ್ ಹಿಂದಿನ ಗಲ್ಲಿಯ ಬಾಯಿಗೆ ಬಂದವನು ಟೋಪಿ ತೆಗೆದ. ಶಿರೈಶಿ ಅಂಗಡಿಯ ಬಾಗಿಲಿನ ನೀಲಿ ಪರದೆ ಅಲ್ಲಿಂದ ಕಾಣುತ್ತದೆ. ಒಂದು ಹೆಜ್ಜೆ ಇಟ್ಟ, ಹಿಂದೆ ತೆಗೆದ. ಟೋಪಿ ಹಾಕಿಕೊಂಡು, ಬಂದ ದಾರಿಯಲ್ಲೇ ಸರಸರನೆ ಹೊರಟ. ನಾನು ಮೀನಿನ ಅಂಗಡಿಯ ಡಬ್ಬಗಳ ಮರೆಗೆ ಸರಿದು ನಿಂತೆ. ಇನ್ನೇನು ಬೇಕು ಸಾಕ್ಷಿ ಎಂದುಕೊಂಡೆ.

ಅವನು ಕಣ್ಮರೆಯಾದ ಮೇಲೆ ನಾನೇ ಆ ಪರದೆ ಸರಿಸಿ ಒಳಗೆ ಹೋದೆ. ಅಂಗಡಿಯಲ್ಲಿ ಗಿರಾಕಿಗಳಿರಲಿಲ್ಲ. ಒಡತಿ ಶಿರೈಶಿ ಹಾತ್ಸು ಈರುಳ್ಳಿ ಸೊಪ್ಪು ಹೆಚ್ಚುತ್ತಿದ್ದಳು. ಸಿನಿಮಾದವಳೆಂದು ಹೇಳಿ, ಮುನಕಾತ ಎಲ್ಲಿ ಕೂತಿದ್ದ ಎಂದು ಕೇಳಿದೆ. ಅವಳು ಚಾಕುವಿನಿಂದಲೇ ನಡುವಿನ ಮೇಜು ತೋರಿಸಿದಳು. ಕೊಲೆಗಾರ? ಬಾಗಿಲಿಂದ ನೇರ ಬಂದು ಆ ಮನುಷ್ಯನ ಬೆನ್ನ ಹಿಂದೆ ನಿಂತ ಎಂದಳು.

ಅಭ್ಯಾಸಬಲ. ಹೋಗಿ ಆ ಜಾಗದಲ್ಲಿ ನಿಂತೆ. ಅಲ್ಲಿಂದ ಏನು ಕಾಣುತ್ತದೆ? ಕೂತವನ ಬೆನ್ನು, ಕತ್ತು. ಬಟ್ಟಲು ಪೂರ್ತಿ ಅವನ ಮೈಯ ಮರೆಗೆ ಬೀಳುತ್ತದೆ. ಎಡ ಅಂಚಿನ ಮೀನಿನ ಬಿಲ್ಲೆ ಕಾಣಲು ಸಾಧ್ಯವೇ ಇರಲಿಲ್ಲ. ಒಂದೊಂದೇ ಕುರ್ಚಿಯಲ್ಲಿ ಕೂತು ನೋಡಿದೆ. ಎಡಗಡೆಯ ಮೂಲೆ ಮೇಜಿಗೆ ಬಂದಾಗ ಬಟ್ಟಲು, ಅಂಚು, ತಿನ್ನುವವನ ಎಡಗೆನ್ನೆ, ಎಲ್ಲ ಅಲ್ಲಿಂದ ಕಾಣುವಂತಿದ್ದವು.

"ಅಜ್ಜಿ, ಅವತ್ತು ಈ ಮೂಲೇಲಿ ಯಾರಾದ್ರೂ ಇದ್ರಾ?"

ಚಾಕು ನಿಂತಿತು. "ಇದ್ದ. ಬಂದರಿನ ಕೂಲಿಯೋನು. ಆಗಾಗ ಬರ್ತಿದ್ದ. ಆ ಹುಡುಗ ಚುಚ್ಚಿದವನೇ ಬಾಗಿಲಲ್ಲಿ ವಾಂತಿ ಮಾಡ್ಕೊಂಡು, ಅಮ್ಮಾ ಅಂತ ಕಿರುಚ್ತಾ ಓಡಿಹೋದ. ಮುನಕಾತ ಕೆಳಗೆ ಬಿದ್ದು, ಮೂಲೆ ಕಡೆ ಕೈ ಚಾಚಿದ. ಆ ಮನುಷ್ಯ ಚಾಪ್‌ಸ್ಟಿಕ್ ಹಿಡ್ಕೊಂಡು ಕೂತೇ ಇದ್ದ ಕಣಮ್ಮ. ಕಣ್ಣು ಬಿಟ್ಕೊಂಡು. ಅವನ ಬಟ್ಟಲಿನ ಆವಿ ಆರೋಗೋತನಕ ಕೂತಿದ್ದ. ಆಮೇಲೆ ಎದ್ದು ಹೋದ, ಮತ್ತೆ ಬರ್ಲಿಲ್ಲ."

ಮಾರನೆಯ ಬೆಳಿಗ್ಗೆ ಉಕಾಯಿ ಬಂದರಿನ ಕಟ್ಟೆಯ ಮೇಲೆ ಒಬ್ಬನೇ ಕೂತಿದ್ದ. ಪಕ್ಕದಲ್ಲಿ ಕೂತು, "ಶಿರೈಶಿ ಅಂಗಡಿಗೆ ಹೋಗಿದ್ದೆ. ಮೂಲೆ ಮೇಜಲ್ಲಿ ಕೂತಿದ್ದೆ" ಎಂದೆ.

ಅವನು ಕೈಯಲ್ಲಿದ್ದ ಚಹಾ ಲೋಟವನ್ನು ನಿಧಾನವಾಗಿ ಕೆಳಗಿಟ್ಟ.

"ಬೆರಳು?" ಎಂದು ಕೇಳಿದೆ.

"ಹಡಗಿನ ಹಗ್ಗಕ್ಕೆ ಸಿಕ್ಕಿದ್ದು. ನಾನೆಲ್ಲಿ ಹೇಳ್ದೆನಮ್ಮ ರೌಡಿ ಅಂತ? ನೀವೇ ಬೆರಳು ನೋಡಿ, ನೀವೇ ಹೇಳ್ಕೊಂಡ್ರಿ."

"ಇಲ್ಲ ಅಂತಾನೂ ಹೇಳ್ಲಿಲ್ಲ ನೀವು."

"ಹೇಳ್ಲಿಲ್ಲ." ಟೋಪಿ ತೆಗೆದು ಮಂಡಿಯ ಮೇಲಿಟ್ಟುಕೊಂಡ. "ಕೊಲೆಗಾರ ಏನು ಮಾಡ್ತಾನೆ ಅಂತ ಡೈರೆಕ್ಟ್ರು ಕೇಳಿದ್ರು. ಅದು ನಂಗೆ ಹೆಂಗೆ ಗೊತ್ತಾಗ್ಬೇಕು? ನಂಗೆ ಗೊತ್ತಿದ್ದಿದ್ದು ನಾನೇನು ಮಾಡ್ದೆ ಅನ್ನೋದೊಂದೇ. ಅದನ್ನೇ ಕೊಟ್ಟೆ. ಅವ್ರು ಅದನ್ನ ಧ್ಯಾನ ಅಂದ್ರು. ಕೇಳೋಕೆ ಚೆನ್ನಾಗಿತ್ತಮ್ಮ. ಇಷ್ಟು ವರ್ಷ ನಾನು ಅದಕ್ಕೆ ಬೇರೆ ಹೆಸರಿಟ್ಕೊಂಡಿದ್ದೆ."

ಇದೂ ನಟನೆಯೇ ಇರಬಹುದೆ ಎಂದು ಅವನ ಮುಖ ನೋಡಿದೆ. ನನಗೆ ಪೂರ್ತಿ ನಂಬಿಕೆ ಬರಲಿಲ್ಲ.

ನಿಶಿವಾಕಿಗೆ ನಾನೇ ಹೇಳಿದೆ. ಹೇಳಿದ್ದು ಸರಿಯೋ ತಪ್ಪೋ ಈಗಲೂ ತಿಳಿಯದು. ಮೋಸಗಾರನೆಂದು ಹೊರಗೆ ಹಾಕುತ್ತಾರೆ ಎಂದುಕೊಂಡಿದ್ದೆ. ಅವರ ಕಣ್ಣು ಹೊಳೆಯಿತು. ಬೈದಿದ್ದರೇ ವಾಸಿಯಿತ್ತು ಅನ್ನಿಸಿತು ನನಗೆ.

"ಸೆಟ್ಟಲ್ಲಿ ಎಡಗಡೆ ಮೂಲೇಲಿ ಇನ್ನೊಂದು ಮೇಜು ಹಾಕ್ಸಿ. ಅಲ್ಲಿ ಅವರೇ ಕೂರ್ಲಿ. ಕೊಲೆ ಆಗುವಾಗ ಕ್ಯಾಮೆರಾ ಅವರ ಮುಖದ ಮೇಲಿರುತ್ತೆ."

"ಓಹೋ, ಇರಿಯೋನು ನಾನು, ಮುಖ ತಾತಂದು!" ಎಂದ ಕುರುಮಾದ. "ಹಂಗಾದ್ರೆ ಪೋಸ್ಟರಿಗೂ ಅವರನ್ನೇ ಹಾಕ್ಕೊಳ್ಳಿ."

ಉಕಾಯಿ ಬಗ್ಗಿ ನಮಸ್ಕರಿಸಿ ಒಪ್ಪಿಕೊಂಡ. ನನ್ನನ್ನು ಒಂದೇ ಸಲ ನೋಡಿದ. ಹೇಳಿದ್ದು ನಾನೆಂದು ಅವನಿಗೆ ಗೊತ್ತಾಗಿತ್ತು.

ಶಾಟ್ ಶುರುವಾಯಿತು. ಕುರುಮಾದ ಬಂದು, ಮಂಡಿ ಕೂಡಿಸಿ ಕೂತ. ಎಂಥ ಮೌನವೆಂದರೆ, ಲೈಟುಗಳು ಕಾದು ಟಿಕ್ಕೆನ್ನುವುದು ಕೇಳಿಸುತ್ತಿತ್ತು. ಆಮೇಲೆ ಎದ್ದು, ಎರಡು ಹೆಜ್ಜೆ ಇಟ್ಟು ಇರಿದ. ದೊಡ್ಡ ಮನುಷ್ಯನ ಪಾತ್ರದವನು ಬಟ್ಟಲಿನ ಸಮೇತ ಉರುಳಿ, ಮೂಲೆ ಕಡೆಗೆ ಕೈ ಚಾಚಿದ.

ಉಕಾಯಿ ಅಲ್ಲಾಡದೆ ಕೂತಿರಬೇಕಿತ್ತು. ಕೂತಿದ್ದ. ನಾನು ಗಡಿಯಾರದಲ್ಲಿ ಹನ್ನೊಂದು ಸೆಕೆಂಡ್ ನೋಡಿದೆ. ಹನ್ನೆರಡಕ್ಕೆ ಅವನ ಕೈಯಿಂದ ಚಾಪ್‌ಸ್ಟಿಕ್ ಬಿದ್ದವು. ಮೇಜು ತಳ್ಳಿಕೊಂಡು ಎದ್ದ. ಕತ್ತಿನಲ್ಲಿದ್ದ ಟವೆಲ್ ಎಳೆದು, ಮಂಡಿಯೂರಿ, ಬಣ್ಣದ ರಕ್ತದ ಮೇಲೆ ಎರಡೂ ಕೈಯಿಂದ ಒತ್ತಿ ಹಿಡಿದ.

"ತಡ್ಕೊಳ್ಳಿ ಯಜಮಾನ್ರೆ, ತಡ್ಕೊಳ್ಳಿ. ಕಣ್ಣು ಮುಚ್ಬೇಡಿ. ಯಾರಾದ್ರೂ ಡಾಕ್ಟ್ರನ್ನ ಕರೀರೋ! ನಿಂತ್ಕೊಂಡು ಏನು ನೋಡ್ತಿದೀರಾ, ಕರೀರೋ!"

ಬಿದ್ದಿದ್ದ ನಟನಿಗೆ ಏನು ಮಾಡಬೇಕೋ ತೋಚಲಿಲ್ಲ. ಸುಮ್ಮನೆ ಮುದುಕನ ಮಣಿಕಟ್ಟು ಹಿಡಿದುಕೊಂಡ. ಕುರುಮಾದ ಕೈಯಲ್ಲಿ ಸುಳ್ಳು ಚಾಕು ಹಿಡಿದು ಬಾಯಿ ತೆರೆದು ನಿಂತಿದ್ದ. ಆ ಸಿನಿಮಾದಲ್ಲಿ ಅವನು ನಿಜವಾದ ಕೊಲೆಗಾರನ ಹಾಗೆ ಕಂಡದ್ದು ಆ ಒಂದು ಗಳಿಗೆ ಮಾತ್ರ. ನಿಶಿವಾಕಿ ಕಟ್ ಹೇಳಲಿಲ್ಲ. ಫಿಲ್ಮ್ ಮುಗಿದು ಕ್ಯಾಮೆರಾ ತಾನಾಗಿ ಬಡಬಡಿಸಿದಾಗ ಮೊಗಾಮಿ ಹೋಗಿ ಉಕಾಯಿಯ ಭುಜ ಹಿಡಿದು ಎಬ್ಬಿಸಿದ.

ಆ ಶಾಟ್ ಸಿನಿಮಾದಲ್ಲಿಲ್ಲ. ಇಂಥ ಚಿತ್ರದಲ್ಲಿ ಯಾರೂ ಎದ್ದು ಬರಬಾರದು ಎಂದರು ನಿಶಿವಾಕಿ. ಮಧ್ಯಾಹ್ನ ಬೇರೊಬ್ಬ ನಟನನ್ನು ಮೂಲೆಯಲ್ಲಿ ಕೂರಿಸಿ ಮತ್ತೆ ತೆಗೆದರು. ಅವನು ಚೆನ್ನಾಗಿ ಕೂತ. ಬಿಡುಗಡೆಯಾದ ಮೇಲೆ ಪತ್ರಿಕೆಗಳು ಆ ನಿಶ್ಚಲತೆಯನ್ನು ಹೊಗಳಿದವು.

ಮರುದಿನ ಉಕಾಯಿ ನನ್ನ ಬಳಿ ಬಂದು, "ಒಬ್ಬನೇ ಹೋಗೋಕಾಗಲ್ಲ" ಎಂದ. ಎಲ್ಲಿಗೆಂದು ಕೇಳಲಿಲ್ಲ. ಈ ಸಲ ಗಲ್ಲಿಯ ಬಾಯಲ್ಲಿ ನಿಂತವನ ತೋಳು ಹಿಡಿದು ನಾನೇ ಎಳೆದುಕೊಂಡು ಹೋದೆ.

ಹಾತ್ಸು ಪರದೆಯತ್ತ ತಲೆಯೆತ್ತಿದವಳು ತಕ್ಷಣ ಗುರುತು ಹಿಡಿದಳು. ಮುಖ ಬಿಳಿಚಿಕೊಂಡಿತು. ಉಕಾಯಿ ಮೂಲೆಗೆ ಹೋಗದೆ ಅವಳ ಅಡುಗೆ ಕಟ್ಟೆಯ ಮುಂದೆ ನಿಂತು, ಹಣೆ ಅದಕ್ಕೆ ತಾಗುವಷ್ಟು ಬಗ್ಗಿದ. "ತಪ್ಪಾಯ್ತು. ಅವತ್ತು ನಾನು ಏಳ್ಲಿಲ್ಲ."

"ನನ್ನತ್ರ ಯಾಕಯ್ಯಾ ಕೇಳ್ತೀಯಾ?" ಅವಳ ಧ್ವನಿ ಒರಟಾಗಿತ್ತು. "ನಾನೆಲ್ಲಿ ಎದ್ದೆ? ಈ ಕಟ್ಟೆ ಹಿಂದೆ ಪಾತ್ರೆ ತಬ್ಕೊಂಡು, ಸಂದೀಲಿ ಇಣುಕ್ತಾ ಕೂತಿದ್ದೆ. ನೀನು ಕೂತಿದ್ದಷ್ಟು ಹೊತ್ತೂ ಕೂತಿದ್ದೆ. ನೀನೆಲ್ಲಿ ಅದನ್ನ ಊರಿಗೆಲ್ಲ ಹೇಳ್ಬಿಡ್ತೀಯೋ ಅಂತ ಇಪ್ಪತ್ತೆರಡು ವರ್ಷ ಈ ಪರದೆ ಸರಿದಾಗಲೆಲ್ಲ ನೋಡಿದ್ದೀನಿ."

ಉಕಾಯಿ ತಲೆಯೆತ್ತಿದ. "ನೀವು ಇದ್ದಿದ್ದು ನಂಗೆ ಕಾಣಲೇ ಇಲ್ಲ."

"ಹಂಗಾ?" ಎಂದಳು ಹಾತ್ಸು. ಕಟ್ಟೆಯ ಒಳಗಿದ್ದ ಮುಕ್ಕಾಲಿಯ ಮೇಲೆ ಕುಸಿದು ಕೂತು, ಏಪ್ರನ್ನಿನಿಂದ ಮುಖ ಮುಚ್ಚಿಕೊಂಡಳು. ಒಲೆಯ ಮೇಲೆ ಸಾರು ಉಕ್ಕಿತು. ಅವಳು ಏಳುವ ಮೊದಲೇ ಉಕಾಯಿ ಕಟ್ಟೆ ಸುತ್ತಿ ಒಳಗೆ ಹೋಗಿ ಉರಿ ತಗ್ಗಿಸಿದ.