ದಕ್ಕೆಗೆ ಕಾಲು ಕೊಡಬೇಡಿ

ನಮ್ಮ ಬಂದರಿಗೆ ಹೊಸಬರು ಬಂದರೆ ಮೊದಲು ಕೇಳುವ ಪ್ರಶ್ನೆ ಒಂದೇ: "ಇಲ್ಲಿ ಇಷ್ಟೊಂದು ಗಂಡಸರು ಯಾಕೆ ಕುಂಟುತ್ತಾರೆ?" ಕುಂಟುವವರಿಗೆ ನಾಚಿಕೆಯೂ ಇಲ್ಲ. ಮೀಸೆ ತಿರುವಿಕೊಂಡೇ ಹೇಳುತ್ತಾರೆ, "ಕಾಲು ಕೊಟ್ಟಿದ್ದೆ" ಅಂತ.

ಕಾಲು ಕೊಡುವುದು ಅಂದರೆ ಇಷ್ಟೇ. ದೋಣಿ ದಕ್ಕೆಗೆ, ಅಂದರೆ ಬಂದರಿನ ಸಿಮೆಂಟು ಕಟ್ಟೆಗೆ, ಬರುವಾಗ ಒಬ್ಬ ಮುಂದೆ, ಮೂತಿಯ ಹತ್ತಿರ ನಿಲ್ಲುತ್ತಾನೆ. ಸಿಮೆಂಟು ಹತ್ತಿರವಾದ ಕೂಡಲೇ ಕಾಲು ಚಾಚಿ, ಅಂಗಾಲಿನಿಂದ ಒತ್ತಿ ದೋಣಿಯನ್ನು ತಡೆಯುತ್ತಾನೆ. ಕಾಲು ಕೊಟ್ಟವನು ಗಂಡಸು, ಕೊಡದವನು ಹೇಡಿ. ಕರ್ಕೆನ್ನಾ ದ್ವೀಪದಲ್ಲೇ ಹುಟ್ಟಿ, ಇಲ್ಲೇ ಮದುವೆಯಾಗಿ, ಇಪ್ಪತ್ತಾರು ವರ್ಷ ಈ ಹುಚ್ಚಾಟ ನೋಡಿದವಳು ನಾನು. ಹೆಸರು ಮನ್ನೂಬಿಯಾ. ನನಗೆ ಸಿಟ್ಟು ಸ್ವಲ್ಪ ಜಾಸ್ತಿ, ಮೊದಲೇ ಹೇಳಿಬಿಡುತ್ತೇನೆ.

ಹೋದ ಅಕ್ಟೋಬರಿನಲ್ಲಿ ಆಕ್ಟೋಪಸ್ ಹಿಡಿಯುವ ಕಾಲ ಶುರುವಾಗಿ ಮೂರೇ ದಿನ. ನನ್ನ ಗಂಡ ಹಮ್ಮಾದಿ ಎಂಜಿನ್ ಹಿಡಿದಿದ್ದರು. ಅವರ ತಮ್ಮ ಲಜ್ಹರ್ ಮೂತಿಯಲ್ಲಿ ನಿಂತಿದ್ದ. ದೋಣಿ ತುಂಬ ಆಕ್ಟೋಪಸ್ ಬಂದು ಅಡಗಲಿ ಅಂತ ನೀರಿನ ತಳಕ್ಕೆ ಇಳಿಸುವ ಮಣ್ಣಿನ ಗಡಿಗೆಗಳು, ಒಳ್ಳೇ ಭಾರ. ಲಜ್ಹರ್ ಎಂದಿನಂತೆ ಕಾಲು ಕೊಟ್ಟ. ದೋಣಿ ನಿಲ್ಲಲಿಲ್ಲ.

ಹಡಗಿನಲ್ಲಿ ಅವನನ್ನು ಆಚೆ ದಡದ ಸ್ಫಾಕ್ಸ್ ಆಸ್ಪತ್ರೆಗೆ ಸಾಗಿಸಿದೆವು. ಮೂರು ಆಪರೇಷನ್ ಆಯಿತು. ಹಿಮ್ಮಡಿ ಉಳಿಯಿತು, ಆದರೆ ಪಾದ ಮಡಚುವುದಿಲ್ಲ. ನಲವತ್ತು ದಾಟದ ಗಂಡಸು ಬಾಗಿಲಲ್ಲಿ ಕೂತು ಬೇರೆಯವರ ದೋಣಿ ಎಣಿಸುವಂತಾಯಿತು.

ಇನ್ನು ಹಮ್ಮಾದಿಯ ಜೊತೆ ಸಮುದ್ರಕ್ಕೆ ಹೋಗುವವರು ಯಾರು? ನಾನೇ. ಒಂದು ಸಂಜೆ ಚಹಾ ಕುಡಿಯುತ್ತಾ ಹಮ್ಮಾದಿ ಮೆಲ್ಲಗೆ ಮಾತು ತೆಗೆದರು.

"ನಾಳೆಯಿಂದ ನೀನು ಬಾ. ಗಡಿಗೆ ಎಳೆಯೋದು ನಿನಗೆ ಗೊತ್ತು. ದಕ್ಕೆ ಹತ್ರ ಬಂದಾಗ ಮುಂದೆ ನಿಂತು ಒಂಚೂರು ಕಾಲು ಕೊಟ್ರೆ ಆಯ್ತು."

"ಏನಂದ್ರಿ?"

"ಕಾಲು ಕಣೇ. ಹಗುರಾಗಿ."

"ನಿಮ್ಮ ತಮ್ಮ ಹಗುರಾಗೇ ಕೊಟ್ಟಿದ್ದಲ್ವಾ? ನನ್ನ ಕಾಲು ನಿಮಗೆ ಬಿಟ್ಟಿ ಸಿಕ್ತೇನ್ರೀ?"

"ಅವನ ಗ್ರಹಚಾರ ಕೆಟ್ಟಿತ್ತು. ನಮ್ಮಪ್ಪ ಅರವತ್ತು ವರ್ಷ ಕಾಲು ಕೊಟ್ರು. ಒಂದು ಉಗುರೂ ಮುಕ್ಕಾಗಲಿಲ್ಲ."

ಬಾಗಿಲಲ್ಲಿ ಯಾರೋ ಕೆಮ್ಮಿದರು. ದೌಜಾ! ಅವಳೂ ನಾನೂ ಒಂದೇ ಬೆಂಚಿನಲ್ಲಿ ಕೂತು ಓದಿದವರು. ಗಂಡ ತೀರಿಕೊಂಡ ಮೇಲೆ ಮೀನುಗಾರಿಕೆ ಶಾಲೆಯಲ್ಲಿ ತರಬೇತಿ ಪಡೆದು, ಹತ್ತು ವರ್ಷದಿಂದ ತನ್ನ ದೋಣಿಯನ್ನು ತಾನೇ ನಡೆಸುತ್ತಿದ್ದಾಳೆ. ಲಜ್ಹರನನ್ನು ನೋಡಿಕೊಂಡು ಹೋಗಲು ಜವೆಯ ರೊಟ್ಟಿ ಕಟ್ಟಿಕೊಂಡು ಬಂದಿದ್ದಳು.

"ಹಮ್ಮಾದಿ ಅಣ್ಣ, ನಿಮ್ಮಪ್ಪ ಕಾಲು ಕೊಟ್ಟಿದ್ದು ಯಾವುದಕ್ಕೆ?" ಅಂದಳು.

"ದಡಕ್ಕೆ. ಇನ್ಯಾವುದಕ್ಕೆ?"

"ಮರಳಿನ ದಡಕ್ಕೆ. ಹಾಯಿ ಇಳಿಸಿ ಬರ್ತಿದ್ರು. ಮೊಣಕಾಲು ನೀರು, ಕೆಳಗೆ ಮರಳು. ದೋಣಿ ತಾನೇ ಉಜ್ಜಿಕೊಂಡು ನಿಲ್ತಿತ್ತು. ನೀವು ಹಾಯಿ ಬಿಟ್ರಿ, ಎಂಜಿನ್ ಹಾಕಿದ್ರಿ. ಮರಳು ಹೋಯ್ತು, ಸಿಮೆಂಟು ಬಂತು. ಎಲ್ಲ ಬದಲಾದ್ರೂ ಕಾಲು ಮಾತ್ರ ಅದೇ! ಒಂದು ಟನ್ ದೋಣಿಗೂ ಸಿಮೆಂಟಿಗೂ ಮಧ್ಯೆ ಕಾಲಿಟ್ರೆ ಕಾಲು ಗೆಲ್ಲತ್ತಾ?"

"ಮತ್ತೆ ಎಂಜಿನ್ ದೋಣಿಗೆ ಬ್ರೇಕ್ ಎಲ್ಲಿದೆ ಹೇಳು ನೋಡೋಣ."

"ರಿವರ್ಸ್ ಗೇರೇ ಬ್ರೇಕು."

ಹಮ್ಮಾದಿ ಹೊಟ್ಟೆ ಹಿಡಿದುಕೊಂಡು ನಕ್ಕರು. "ಹಿಂದಕ್ಕೆ ನಡೆಸೋಕೆ ದೋಣಿ ಏನು ಕತ್ತೇನಾ?"

ನನಗೆ ಮೈ ಉರಿಯಿತು. "ನಾಳೆಯಿಂದ ಬರ್ತೀನಿ. ಆದರೆ ಮುಂದೆ ನಿಲ್ಲಲ್ಲ. ದಕ್ಕೆ ಹತ್ರ ಬಂದಾಗ ಎಂಜಿನ್ ನನ್ನ ಕೈಲಿರಬೇಕು. ದೌಜಾ, ನನಗೆ ಕಲಿಸ್ತೀಯಾ?" ಅಂದುಬಿಟ್ಟೆ. ಅಲ್ಲಿಯವರೆಗೂ ನಾನು ಎಂಜಿನ್ ಮುಟ್ಟಿದವಳೇ ಅಲ್ಲ ಅನ್ನುವುದು ಬೇರೆ ಮಾತು.

ಎರಡು ವಾರ ದೌಜಾ ನನ್ನನ್ನು ಅರೆದು ಹಾಕಿದಳು. ಬಂದರಿನ ಒಳಗೇ, ಅಲೆಯಿಲ್ಲದ ಮೂಲೆಯಲ್ಲಿ ಒಂದು ಖಾಲಿ ಪೀಪಾಯಿಗೆ ಕಲ್ಲು ಕಟ್ಟಿ ತೇಲಿಬಿಟ್ಟಳು. "ಇದೇ ದಕ್ಕೆ. ಮುಟ್ಟದ ಹಾಗೆ ಪಕ್ಕಕ್ಕೆ ತಂದು ನಿಲ್ಲಿಸು." ಮೊದಲ ದಿನ ಹನ್ನೊಂದು ಸಲ ಅದರ ಮೇಲೇ ಹತ್ತಿಸಿದೆ. ಎಂಜಿನ್ನಿನ ಹಿಡಿಯನ್ನು ಎಡಕ್ಕೆ ತಳ್ಳಿದರೆ ದೋಣಿ ಬಲಕ್ಕೆ ಹೋಗುತ್ತದೆ. ಗಾಬರಿಯಾದಾಗ ಕೈ ಅದನ್ನು ಮರೆಯುತ್ತದೆ.

"ನಿಧಾನ! ಎಷ್ಟು ಜೋರಾಗಿ ಡಿಕ್ಕಿ ಹೊಡೆದ್ರೂ ಪರವಾಗಿಲ್ಲ ಅನ್ನಿಸತ್ತೋ, ಅಷ್ಟೇ ಜೋರಲ್ಲಿ ಬಾ," ಅನ್ನುತ್ತಿದ್ದಳು ದೌಜಾ.

"ಎಂಜಿನ್ ಆರಿಸಿ ತೇಲಿಕೊಂಡು ಬಂದ್ರೆ?"

"ಆರಿಸಿದ್ರೆ ನಿನ್ನ ಕೈಲಿ ಏನೂ ಇರಲ್ಲ ಕಣೇ. ನೀರೊಳಗಿನ ಫ್ಯಾನ್ ತಿರುಗಿದ್ರೆ ಮಾತ್ರ ದೋಣಿ ನಿನ್ನ ಮಾತು ಕೇಳೋದು. ನ್ಯೂಟ್ರಲ್ ಮಾಡು, ಬೇಕಾದಾಗ ಒಂಚೂರು ಮುಂದೆ, ಮತ್ತೆ ನ್ಯೂಟ್ರಲ್. ಕೊನೇಲಿ ಎಂಜಿನ್ನನ್ನ ದಕ್ಕೆ ಕಡೆ ತಿರುಗಿಸಿ ರಿವರ್ಸ್ ಕೊಡು. ಹಿಂಭಾಗ ತಾನೇ ದಕ್ಕೆಗೆ ಒರಗತ್ತೆ, ದೋಣೀನೂ ನಿಲ್ಲತ್ತೆ."

ದಕ್ಕೆಯ ಕಡೆ ತಿರುಗುವ ಮೊದಲು ಬಂದರಿನ ಬಾವುಟ ನೋಡು ಅಂದಳು, ಗಾಳಿ ಎತ್ತ ಬೀಸುತ್ತದೋ ಅದಕ್ಕೆ ಎದುರಾಗಿ ಬಾ, ಆಗ ಗಾಳಿಯೇ ನಿನ್ನನ್ನು ತಡೆಯುತ್ತದೆ. ದೋಣಿಯ ಪಕ್ಕಕ್ಕೆ ಹಳೇ ಟೈರು ನೇತುಹಾಕಿಸಿದಳು. ಎಂಜಿನ್ ಆರಿಸುವ ಕೆಂಪು ದಾರವನ್ನು ನನ್ನ ಮಣಿಕಟ್ಟಿಗೆ ಕಟ್ಟಿ, "ನೀನು ನೀರಿಗೆ ಬಿದ್ರೆ ಎಂಜಿನ್ ತಾನೇ ನಿಲ್ಲತ್ತೆ. ಇದಿಲ್ಲದೆ ಎಂಜಿನ್ ಮುಟ್ಟಬೇಡ," ಅಂದಳು. ಇನ್ನೊಂದು ಮಾತನ್ನು ದಿನಕ್ಕೆ ನಾಲ್ಕು ಸಲ ಹೇಳುತ್ತಿದ್ದಳು: "ಸರಿ ಹೋಗಲಿಲ್ವಾ, ವಾಪಸ್ ತಿರುಗು, ಇನ್ನೊಂದು ಸುತ್ತು ಬಾ. ಅದರಲ್ಲಿ ಯಾವ ಅವಮಾನಾನೂ ಇಲ್ಲ."

ಹಮ್ಮಾದಿ ಇದನ್ನೆಲ್ಲ ದೂರದಿಂದ ನೋಡಿ ಮುಗುಳ್ನಗುತ್ತಿದ್ದರು. ಗಾಳಿಯಿಲ್ಲದ ದಿನಗಳಲ್ಲಿ ನಾನು ದೋಣಿಯನ್ನು ಒಂದು ಗೀರೂ ಬೀಳದ ಹಾಗೆ ದಕ್ಕೆಗೆ ತಂದೆ. ಆಗಲೂ ಅವರು ಒಪ್ಪಲಿಲ್ಲ. "ಗಾಳಿ ಬರಲಿ, ಆಮೇಲೆ ನೋಡೋಣ" ಅನ್ನುತ್ತಿದ್ದರು.

ಗಾಳಿಯೂ ಬಂತು. ನವೆಂಬರಿನ ಒಂದು ಮಧ್ಯಾಹ್ನ ನಾವು ಗಡಿಗೆ ಎಳೆದು ಮುಗಿಸುವಷ್ಟರಲ್ಲಿ ಪೂರ್ವದ ಗಾಳಿ ಎದ್ದಿತು. ಬಂದರಿನ ಬಾಯಿಗೆ ಬರುವ ಹೊತ್ತಿಗೆ ಅಲೆ ದೋಣಿಯೊಳಗೆ ಹಾರುತ್ತಿತ್ತು. ದಕ್ಕೆಯ ಮೇಲೆ ಹತ್ತಿಪ್ಪತ್ತು ಗಂಡಸರು. ಅವರ ಹಿಂದೆ ಊರುಗೋಲು ಹಿಡಿದ ಲಜ್ಹರ್. ದೌಜಾ ಎಲ್ಲೂ ಕಾಣಲಿಲ್ಲ.

"ಎಂಜಿನ್ ಕೊಡು ಇಲ್ಲಿ. ಇವತ್ತು ಆಟ ಅಲ್ಲ," ಅಂದರು ಹಮ್ಮಾದಿ.

"ನೀವು ಹಿಡಿದ್ರೆ ಮುಂದೆ ಕಾಲು ಕೊಡೋರು ಯಾರು? ನಾನಾ?"

ಅವರು ಮೂತಿಯ ಹತ್ತಿರ ಹೋಗಿ ಕೂತರು. ನಾನು ಬಾವುಟ ನೋಡಿದೆ. ದಕ್ಕೆಯ ಉದ್ದಕ್ಕೇ ಗಾಳಿ ಬೀಸುತ್ತಿತ್ತು, ಆಗೀಗ ಸಮುದ್ರದ ಕಡೆಯಿಂದ ಅಡ್ಡ ಹೊಡೆತ. ಇದ್ದದ್ದು ಒಂದೇ ಜಾಗ, ದಕ್ಕೆಯ ತುದಿಯಲ್ಲಿ, ಅದರ ಮುಂದೆಯೇ ಸಿಮೆಂಟಿನ ಚೂಪು ಮೂಲೆ. ಸುತ್ತಿ ಬಂದು ಗಾಳಿಗೆ ಎದುರಾಗಿ ಹಿಡಿದೆ. ವೇಗ ಹೆಚ್ಚಾಯಿತು ಅನ್ನುವುದು ಎರಡು ದೋಣಿಯಷ್ಟು ದೂರವಿದ್ದಾಗಲೇ ಗೊತ್ತಾಯಿತು. ಹಿಡಿ ತಳ್ಳಿ ಹೊರಕ್ಕೆ ತಿರುಗಿಸಿದೆ.

ದಕ್ಕೆಯ ಮೇಲೆ ನಗು ಎದ್ದಿತು. "ದೋಣಿ ಯಜಮಾನ್ತಿ ರಯಿಸ್ ಅಮ್ಮೋರು ಬಂದ್ರು, ದಾರಿ ಬಿಡ್ರೋ!" "ಹಮ್ಮಾದಿ, ಹೆಂಡ್ತಿ ನಿನ್ನ ಇಟಲಿಗೆ ಕರ್ಕೊಂಡು ಹೋಗ್ತಿದ್ದಾಳೆ ನೋಡು!"

"ಯಾಕೆ ತಿರುಗಿಸಿದೆ? ಮಾನ ಕಳೀಬೇಡ, ನುಗ್ಗಿಸು! ನಾನು ನೋಡ್ಕೋತೀನಿ!" ಹಮ್ಮಾದಿ ಕೂಗಿದರು. ನೋಡಿಕೊಳ್ಳುವುದು ಅಂದರೆ ಯಾವುದರಿಂದ ಅಂತ ನನಗೆ ಗೊತ್ತಿತ್ತು.

ಎರಡನೇ ಸಲ. ಇನ್ನೂ ನಿಧಾನ. ನ್ಯೂಟ್ರಲ್. ಒಂಚೂರು ಮುಂದೆ. ನ್ಯೂಟ್ರಲ್. ದಕ್ಕೆ ಹತ್ತಿರ ಬಂತು, ಹತ್ತು ಮೊಳ, ಐದು ಮೊಳ. ಎಂಜಿನ್ನನ್ನು ದಕ್ಕೆಯ ಕಡೆ ತಿರುಗಿಸಿದೆ. ಅಷ್ಟರಲ್ಲಿ ಅಡ್ಡ ಗಾಳಿ ಬಡಿದು ಮೂತಿಯನ್ನು ನೇರ ಆ ಮೂಲೆಗೆ ತಳ್ಳಿತು. ಹಮ್ಮಾದಿ ಎದ್ದು ನಿಂತರು. ಕಾಲು ಹೊರಗೆ ಹೋಯಿತು.

"ಕಾಲು ತೆಗೀರಿ!"

ಕೇಳಿಸಲಿಲ್ಲವೋ, ಕೇಳಿಸಿಕೊಳ್ಳಲಿಲ್ಲವೋ.

"ತೆಗಿಯೋ ಕಾಲು! ಲೋ ಹಮ್ಮಾದಿ! ದೋಣಿ ಒಡೆದ್ರೆ ಒಡೀಲಿ!"

ಇಪ್ಪತ್ತಾರು ವರ್ಷದಲ್ಲಿ ನಾನು ಗಂಡನನ್ನು ಹಾಗೆ ಕರೆದದ್ದು ಅದೇ ಮೊದಲು. ಅವರು ಬೆಚ್ಚಿ ಹಿಂದಕ್ಕೆ ಬಿದ್ದರು. ನಾನು ರಿವರ್ಸ್ ಎಳೆದೆ. ಎಂಜಿನ್ ಗುಡುಗಿತು, ದೋಣಿಯ ವೇಗ ಸಾಕಷ್ಟು ತಗ್ಗಿತು, ಆದರೂ ಎರಡು ಟೈರುಗಳ ನಡುವೆ ಮೂಲೆ ಬಡಿದು ಹಲಗೆ ಲಟಕ್ಕಂತ ಮುರಿಯಿತು. ಆಮೇಲೆ ಹಿಂಭಾಗ ಮೆಲ್ಲಗೆ ದಕ್ಕೆಗೆ ಒರಗಿತು. ಹಗ್ಗ ಎಸೆದೆ, ಯಾರೋ ಹಿಡಿದರು. ಈಗ ಯಾರೂ ನಗುತ್ತಿರಲಿಲ್ಲ.

ಹಮ್ಮಾದಿ ಗಡಿಗೆಗಳ ನಡುವಿನಿಂದ ಎದ್ದವರೇ ಹಲಗೆ ನೋಡಿ ಕೆಂಡವಾದರು. "ದೋಣಿ ಒಡೆದು ಹಾಕಿದೆಯಲ್ಲೇ! ನಾನು ತಡೀತಿದ್ದೆ!"

ನಾನು ಬಾಯಿ ತೆರೆಯುವ ಮೊದಲೇ ಲಜ್ಹರ್ ಊರುಗೋಲು ಊರಿಕೊಂಡು ಅಂಚಿಗೆ ಬಂದ. ಕಷ್ಟಪಟ್ಟು ಬಗ್ಗಿ, ಮುರಿದ ಹಲಗೆಯ ಮೇಲೆ ಕೈಯಿಟ್ಟ.

"ಅಣ್ಣ, ಅವತ್ತು ನನ್ನ ಕಾಲಿಂದಾನೂ ಇದೇ ಸದ್ದು ಬಂದಿತ್ತು. ನೀನು ಎಂಜಿನ್ ಹತ್ರ ಇದ್ದೆ, ನಿನಗೆ ಕೇಳಿಸಿರಲಿಲ್ಲ," ಅಂದ.

ಹಮ್ಮಾದಿ ತಮ್ಮದೇ ಕಾಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅಲ್ಲೇ ಕೂತುಬಿಟ್ಟರು. ಕೊನೆಗೆ ತಮ್ಮನ ಮುಖ ನೋಡಲಾಗದೆ ನನ್ನ ಕಡೆ ತಿರುಗಿ, "ರಿವರ್ಸ್ ಇನ್ನೊಂಚೂರು ಮುಂಚೆ ಕೊಟ್ಟಿದ್ರೆ ಹಲಗೇನೂ ಉಳೀತಿತ್ತಾ?" ಅಂದರು.

"ಉಳೀತಿತ್ತು. ತಡ ಮಾಡಿದ್ದು ನನ್ನ ತಪ್ಪು."

"ಹಾಗಾದ್ರೆ ಇಬ್ಬರೂ ಕಲಿಯೋಣ. ದೌಜಾನ ಕೇಳು, ಕತ್ತೆ ಹಿಂದಕ್ಕೆ ನಡೆಸೋದು ನನಗೂ ಕಲಿಸ್ತಾಳಾ ಅಂತ."

ಬಡಗಿ ಎರಡು ದಿನದಲ್ಲಿ ಹೊಸ ಹಲಗೆ ಹಾಕಿದ. ಮೂರನೇ ದಿನ ಹಮ್ಮಾದಿ ಪೀಪಾಯಿಯ ಸುತ್ತ ತಿರುಗುತ್ತಿದ್ದರು, ದೌಜಾ ದಕ್ಕೆಯ ಮೇಲಿಂದ ಬೈಯುತ್ತಿದ್ದಳು. ಒಂಬತ್ತು ಸಲ ಹತ್ತಿಸಿದರು. ಅವತ್ತು ನಕ್ಕವರಲ್ಲಿ ಇಬ್ಬರು ಈಗ ಸರದಿ ಕಾಯುತ್ತಿದ್ದಾರೆ.

ಇದನ್ನು ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮಲ್ಲೂ ಎಂಜಿನ್ ದೋಣಿ ಇರಬಹುದು, ನಿಮ್ಮೂರಲ್ಲೂ ದಕ್ಕೆ ಇರಬಹುದು. ನಿಮ್ಮಲ್ಲಿ ಕಾಲು ಕೊಡುತ್ತಾರೋ, ಕೈ ಕೊಡುತ್ತಾರೋ ನನಗೆ ಗೊತ್ತಿಲ್ಲ. ಯಾವುದನ್ನೂ ಕೊಡಬೇಡಿ. ಕಲಿತವರ ಹತ್ತಿರ ಹೋಗಿ, ಗಾಳಿಯಿಲ್ಲದ ದಿನ, ಜನರಿಲ್ಲದ ಮೂಲೆಯಲ್ಲಿ ಕಲಿಯಿರಿ. ಟೈರು ಕಟ್ಟಿ, ದಾರ ಕಟ್ಟಿ, ನಿಧಾನವಾಗಿ ಬನ್ನಿ. ಸರಿಹೋಗದಿದ್ದರೆ ಹತ್ತು ಸಲ ಸುತ್ತಿ ಬನ್ನಿ, ನಗುವವರು ನಗಲಿ. ಅಷ್ಟಾದರೂ ದೋಣಿ ಬಡಿಯುವುದೇ ಆದರೆ ದೋಣಿಯೇ ಬಡಿಯಲಿ. ಮುರಿದ ಹಲಗೆ ಬದಲಿಸಲು ನಮ್ಮೂರಲ್ಲಿ ಮೂವರು ಬಡಗಿಗಳಿದ್ದಾರೆ. ಲಜ್ಹರನ ಪಾದ ಬದಲಿಸಲು ಒಬ್ಬರೂ ಇಲ್ಲ.