ಹೊಳೆಯ ಪುಸ್ತಕದಲ್ಲಿ ಎಂಟು ಸೊನ್ನೆ

ಸೌಟು ತಳ ಕೆರೆಯುವ ಸದ್ದು ಹೊರಗೆ ಕೇಳದಂತೆ ಅವಳು ಕೊನೆಯ ಅನ್ನವನ್ನು ಗಂಡನ ತಟ್ಟೆಗೆ ಬಡಿಸಿದಳು.

"ನಿನಗೆ ಉಳಿದಿದೆಯೇನೇ?" ಅತ್ತೆ ಕೇಳಿದರು.

"ಬೇಕಾದಷ್ಟಿದೆ ಅತ್ತೆ."

ಹದಿನೆಂಟು ವರ್ಷಗಳಿಂದ ಇದೇ ಉತ್ತರ. ಪಾತ್ರೆ ಖಾಲಿಯಾದ ಸುದ್ದಿ ಆ ಅಡುಗೆಮನೆಯ ಹೊಸಿಲು ದಾಟಿದ್ದಿಲ್ಲ.

ಅವಳು ಕೈ ಒರೆಸಿಕೊಂಡು ಪುಸ್ತಕ ಎತ್ತಿಕೊಂಡಳು. ಹೊಳೆಯ ನೀರುನಾಯಿಗಳ ಲೆಕ್ಕ ಇಡಲು ಊರಿನ ಐವರಿಗೆ ತರಬೇತಿ ಕೊಟ್ಟಿದ್ದರು. ದಿನಾ ಬೆಳಿಗ್ಗೆ ದಡದಲ್ಲಿ ನಡೆದು, ನೀರುನಾಯಿಯೋ ಅದರ ಹೊಸ ಹೆಜ್ಜೆಯೋ ಕಂಡರೆ ಬರೆಯಬೇಕು. ಇಂದು ಹದಿನೈದು ದಿನಕ್ಕೊಮ್ಮೆ ನಡೆಯುವ ಪರಿಶೀಲನೆ.

"ಹಾಜರಿ ಪುಸ್ತಕ ಹೊರಟಿತು," ಗಂಡ ನಕ್ಕ. "ನೀರುನಾಯಿ ಗೈರುಹಾಜರಾದ್ರೆ ಏನ್ಮಾಡ್ತೀಯ?"

"ಅಪ್ಪನ್ನ ಕರ್ಕೊಂಡು ಬಾ ಅಂತೀನಿ."

ಶಾಲೆಯ ಜಗಲಿಯಲ್ಲಿ ತರಬೇತಿ ಕೊಟ್ಟಿದ್ದ ಹುಡುಗಿ ಪುಟ ತಿರುವಿದಳು. "ಅಕ್ಕಾ, ನಿಮ್ಮ ಪುಸ್ತಕದಲ್ಲಿ ಮಾತ್ರ ಒಂದು ದಿನವೂ ಖಾಲಿ ಇಲ್ಲ."

"ನಮಗೆ ಬೆನ್ನು ತೋರಿಸ್ತಾವೆ, ಇವರಿಗೆ ಬಂದು ನಮಸ್ಕಾರ ಹಾಕ್ತಾವೆ," ಎಂದ ಪಕ್ಕದಲ್ಲಿದ್ದ ಮೀನುಗಾರ. ಎಲ್ಲರೂ ನಕ್ಕರು.

ಅವಳೂ ನಕ್ಕಳು. ಆದರೆ ಕಳೆದ ಎಂಟು ದಿನ ಅವಳಿಗೆ ಏನೂ ಕಂಡಿರಲಿಲ್ಲ. ಅಷ್ಟು ದೂರದಿಂದ ಬರುವ ಹುಡುಗಿಗೆ ಬರಿಗೈ ತೋರಿಸುವುದು ಹೇಗೆಂದು ದಿನಾ ‘ಒಂದು’ ಎಂದು ಬರೆದಿದ್ದಳು.

"ಹೊಳೆಯ ನಿಮ್ಮ ತಿರುವಿನಲ್ಲಿ ಇಷ್ಟು ಚೆನ್ನಾಗಿವೆ ಅಂದ್ರೆ," ಎಂದಳು ಹುಡುಗಿ, "ನಿಷೇಧ ತೆಗೆದು ಅಲ್ಲಿ ಬಲೆ ಹಾಕೋಕೆ ಮತ್ತೆ ಬಿಡಬಹುದು. ಸೋಮವಾರ ತೀರ್ಮಾನ."

"ಬಿಡಿ ತಾಯಿ," ಎಂದ ಮೀನುಗಾರ. "ನಮ್ಮ ಮನೆ ಹೊಟ್ಟೆಗಳನ್ನೂ ಒಂದ್ಸಲ ಎಣಿಸಿ."

ಅವನ ಮಾತೂ ಸುಳ್ಳಲ್ಲ. ಆದರೆ ಬಲೆಗೆ ಸಿಕ್ಕ ನೀರುನಾಯಿ ಮೇಲೆ ಬರಲಾರದೆ ಮುಳುಗಿ ಸಾಯುವುದನ್ನು ಅವಳು ಕಂಡಿದ್ದಳು.

"ಅಲ್ಲಮ್ಮಾ, ಏನೂ ಕಾಣಲಿಲ್ಲ ಅಂತ ಬರೆದ್ರೆ ನಿಮಗೆ ಬೇಜಾರಾಗಲ್ವಾ?" ಅವಳು ಹುಡುಗಿಯನ್ನು ಕೇಳಿದಳು.

"ಯಾಕಕ್ಕಾ? ಇಲ್ಲ ಅಂತ ಹೇಳಿದ್ರೆ ತಾನೇ ನಮಗೂ ಗೊತ್ತಾಗೋದು?"

"ಹಾಗಾದ್ರೆ ಪೆನ್ನು ಕೊಡಿ. ಎಂಟು ದಿನದ್ದು ಸುಳ್ಳು."

ಒಂದೊಂದಾಗಿ ಹೊಡೆದುಹಾಕಿ, ಪಕ್ಕದಲ್ಲಿ ಸೊನ್ನೆ ಬರೆದು ಸಹಿ ಹಾಕಿದಳು. ಹುಡುಗಿ ಬೈಯಲಿಲ್ಲ, ಆ ತಿರುವಿಗೆ ನಾಳೆ ತಾನೂ ಬರುವೆನೆಂದಳು.

"ನನ್ನ ಬಲೆ ಮತ್ತೆ ಅಟ್ಟಕ್ಕೇ," ಮೀನುಗಾರ ನಿಟ್ಟುಸಿರಿಟ್ಟ. "ನಾನೂ ಬರ್ತೀನಿ ನಡೀರಿ. ಎಲ್ಲಿ ಹೋದವೋ ಕಳ್ಳಮುಂಡೇವು, ನೋಡೋಣ."

ಸಂಜೆ ಅವಳು ಅಕ್ಕಿ ಅಳೆಯುತ್ತಿದ್ದಳು. ಎಂದಿನಂತೆ ಮೂರು ಪಾವು. ಡಬ್ಬದ ಮುಚ್ಚಳ ಹಾಕುವ ಮೊದಲು ಕೈ ನಿಂತಿತು.

"ಅಲ್ಲೇನು ಮಾಡ್ತಿದ್ದೀಯೇ ಇಷ್ಟು ಹೊತ್ತು?" ಅತ್ತೆ ಹೊರಗಿನಿಂದ ಕೂಗಿದರು.

"ಏನಿಲ್ಲ ಅತ್ತೆ," ಎನ್ನುತ್ತ ಅವಳು ತನ್ನ ಪಾಲಿಗೆ ಇನ್ನೊಂದು ಹಿಡಿ ಅಕ್ಕಿ ಹಾಕಿದಳು. ನಾಳೆಯೂ ಹಾಕುವುದೆಂದುಕೊಂಡಳು.